ಸಣ್ಣಿಯ ವಾಸನೆ

ಬೇಲದ ಮರದ ಬುಡದಲ್ಲಿದ್ದ ಗೊದ್ದ ಇರುವೆಗಳು ಒಂದನ್ನೊಂದು ವಾಸನೆಯಿಂದಲೇ ಗುರುತಿಸುತ್ತಿದ್ದವು. ಒಂದು ದಿನ ಸಣ್ಣಿ ಎಂಬ ಗೊದ್ದಕ್ಕೆ ದಾರಿಯಲ್ಲಿ ತನ್ನಂತೆಯೇ ಕಾಣುವ ಪ್ರಾಣಿಯೊಂದು ಎದುರಾಯಿತು.

“ಅಕ್ಕಾ, ನಾನು ನಿಮ್ಮ ಗೂಡಿನವಳೇ. ಮಳೆಗೆ ನನ್ನ ವಾಸನೆ ತೊಳೆದುಹೋಗಿದೆ. ನಿನ್ನ ಮೈಗೆ ಒಮ್ಮೆ ಮೈ ಒರಸಿಕೊಳ್ಳಲೇ?” ಎಂದು ಅದು ಅಂಗಲಾಚಿತು.

“ಅದಕ್ಕೇನಂತೆ, ಒರಸಿಕೋ. ವಾಸನೆ ಕೊಟ್ಟರೆ ನನ್ನದೇನು ಸವೆಯುತ್ತದೆ?” ಎಂದಿತು ಸಣ್ಣಿ.

ಸಂಜೆ ಸಣ್ಣಿ ಅಕ್ಕಿನುಚ್ಚು ಹೊತ್ತು ಗೂಡಿಗೆ ಮರಳಿದಾಗ ಕಾವಲಿನ ಮುದಿ ಗೊದ್ದ ಅಡ್ಡ ನಿಂತಿತು.

“ಯಾರು ನೀನು?”

“ನಾನು ಸಣ್ಣಿ, ಅಜ್ಜಿ.”

“ಸಣ್ಣಿ ಆಗಲೇ ಒಳಗೆ ಹೋದಳು. ತನ್ನ ವೇಷದಲ್ಲಿ ಕಳ್ಳಿಯೊಬ್ಬಳು ಬರುತ್ತಾಳೆ, ಬಿಡಬೇಡ ಎಂದು ಹೇಳಿಯೇ ಹೋದಳು.”

ಸಣ್ಣಿ ಮೂಸಿ ನೋಡಿತು. ಬಾಗಿಲ ಕತ್ತಲೊಳಗಿನಿಂದ ತನ್ನದೇ ವಾಸನೆ ತೇಲಿ ಬರುತ್ತಿತ್ತು.

“ಅವಳೀಗ ಎಲ್ಲಿದ್ದಾಳೆ?”

“ಮೊಟ್ಟೆಗಳ ಕೋಣೆಯಲ್ಲಿ. ಜೋಗುಳ ಹಾಡುತ್ತಿದ್ದಾಳೆ.”

“ಅಜ್ಜಿ, ಬೇಕಾದರೆ ನನ್ನನ್ನು ಕೊಂದುಬಿಡು, ಆದರೆ ಮೊದಲು ಹೋಗಿ ಅವಳ ಕಾಲು ಎಣಿಸು! ಮೈ ಒರಸಿಕೊಂಡಾಗ ಕಾಲುಗಳು ಹೆಚ್ಚಿದ್ದಂತೆ ತಾಕಿದ್ದವು.”

ಮುದಿ ಗೊದ್ದ ಒಳಗೆ ಹೋಗಿ ಹೊರಬಂತು. “ಎಂಟು ಕಾಲು. ಅದು ಜೇಡ! ನನ್ನನ್ನು ಕಂಡು ಹಿಂದಿನ ಬಿಲದಿಂದ ಓಡಿಹೋಯಿತು. ಅರ್ಧಕ್ಕರ್ಧ ಮೊಟ್ಟೆಗಳು ಬರಿ ಸಿಪ್ಪೆಯಾಗಿವೆ.”

ಅಂದಿನಿಂದ ವಾಸನೆಯೊಂದನ್ನೇ ನಂಬದೆ ಕಾಲನ್ನೂ ಎಣಿಸುವುದು ಆ ಗೂಡಿನ ಕಟ್ಟಳೆಯಾಯಿತು. ಸಣ್ಣಿ ಬಂದರೆ ಮಾತ್ರ ಮುದಿ ಗೊದ್ದ ಎರಡೆರಡು ಸಲ ಎಣಿಸುತ್ತದೆ. ಸಣ್ಣಿ ಅದಕ್ಕೆ ಬೇಸರಪಡುವುದಿಲ್ಲ. ಕೆಲವು ಸಂಜೆ ಗಾಳಿ ಬೀಸಿದಾಗ, ಸಣ್ಣಿ ಗೂಡಿನೊಳಗೇ ಕುಳಿತಿದ್ದರೂ, ಸಣ್ಣಿಯ ವಾಸನೆ ಹೊರಗಿನ ಹುಲ್ಲಿನಿಂದ ಬರುತ್ತಿರುತ್ತದೆ.