ಅಮ್ಮ ಹೇಳಿದಂತೆ ಸೋತದ್ದು

ಹೆಣ್ಣು ನೋಡಲು ಬರುವವರ ಕಣ್ಣಿಗೆ ಬೀಳಬಾರದೆಂದು ಸುನಯನಾ ಗೆದ್ದ ಕೇರಂ ಕಪ್‌ಗಳನ್ನೆಲ್ಲ ಅಮ್ಮ ಬೀರುವಿಗೆ ತುರುಕಿದ್ದಳು. ಬಂದ ಹುಡುಗ ಚಿದಾನಂದನ ಕಣ್ಣು ಮೂಲೆಯಲ್ಲಿದ್ದ ಬೋರ್ಡಿನ ಮೇಲೇ ಬಿತ್ತು.

"ಆಡೋಣ್ವಾ? ನಿಮಗೆ ಕಷ್ಟ ಆಗ್ಬಾರ್ದು, ರೆಡ್ ಬೇಡ."

ಅಮ್ಮ ಮಗಳ ಕಿವಿಯಲ್ಲಿ ಉಸುರಿದಳು. "ಸೋತುಬಿಡು. ಗಂಡಸರಿಗೆ ಬೇಜಾರಾಗುತ್ತೆ."

ಸುನಯನಾಳ ಬೆರಳು ಚಡಪಡಿಸಿತು. ಬಿಳಿ ಕಾಯಿ ಅವಳದು, ಕಪ್ಪು ಅವನದು. ಅವನು ಹೊಡೆದದ್ದು ಒಂದೂ ಬೀಳಲಿಲ್ಲ. ಪೌಡರ್ ಉದುರಿಸಿದ, ಕುರ್ಚಿ ಸರಿಸಿದ, ಆದರೂ ಬೀಳಲಿಲ್ಲ. ಅವಳು ತನ್ನ ಸರದಿ ಬಂದಾಗಲೆಲ್ಲ ಅವನದೇ ಒಂದೊಂದು ಕಾಯಿಯನ್ನು ಪಾಕೆಟ್ಟಿಗೆ ಕಳಿಸಿದಳು. ಕೊನೆಗೆ ಬೋರ್ಡಿನ ಮೇಲೆ ಅವಳ ಬಿಳಿ ಕಾಯಿಗಳಷ್ಟೇ ಉಳಿದವು.

"ನಮ್ಮ ಹುಡುಗ ಗೆದ್ದ," ಎಂದರು ಅವನಪ್ಪ.

ಚಿದಾನಂದ ಬೆವರು ಒರೆಸಿಕೊಂಡ. ಅಮ್ಮ ಮಗಳನ್ನು ದುರುಗುಟ್ಟಿ ನೋಡಿದಳು.

"ಸೋತಿದ್ದೀನಲ್ಲಮ್ಮ," ಎಂದಳು ಸುನಯನಾ.