ತಿಪ್ಪವ್ವನ ಕೈ ಸೋತದ್ದು

ಕೇಳ್ರಪ್ಪಾ, ಇದು ನಮ್ಮಜ್ಜಿಯ ಅಜ್ಜಿಗೂ ಹಳೇ ಮಾತು. ಬಲು ಹಿಂದೆ, ಸುಣ್ಣದ ಕಲ್ಲು ಸುಡೋ ಒಂದೂರಲ್ಲಿ ತಿಪ್ಪವ್ವ ಅಂತ ಇದ್ದಳಂತೆ. ನಾಟಿ ಮದ್ದಿನವಳು. ಮುರಿದ ಮೂಳೆ ಕೂಡಿಸ್ತಿದ್ದಳಂತೆ, ಹಾವು ಕಡಿದವನನ್ನ ಎಬ್ಬಿಸಿ ಕೂರಿಸ್ತಿದ್ದಳಂತೆ. ಅವಳು ಹೊಸ್ತಿಲು ದಾಟಿದರೆ ರೋಗ ಹಿತ್ತಲ ಬಾಗಿಲಿಂದ ಓಡುತ್ತೆ ಅಂತಿದ್ದರಂತೆ ಜನ.

ಅವಳ ಗಂಡ ಓಬಣ್ಣ ಸುಣ್ಣದ ಭಟ್ಟಿಗೆ ಬೆಂಕಿ ಹಾಕುವವನು. ಹಗಲೆಲ್ಲಾ ಭಟ್ಟಿ ಹೊಗೆ, ಕೂತರೆ ಚಿಲುಮೆ ಹೊಗೆ. ಕೆಮ್ಮುತ್ತಿದ್ದ. ಆ ಊರಲ್ಲಿ ಯಾರು ಕೆಮ್ಮಲ್ಲ? ಉಣ್ಣುತ್ತಿದ್ದ, ದುಡಿಯುತ್ತಿದ್ದ, ನಗುತ್ತಿದ್ದ. ತಿಪ್ಪವ್ವನೂ ಹೊಗೆಯ ಕೆಮ್ಮು ಅಂದುಕೊಂಡಳಂತೆ.

ಒಂದಿನ ಉಗುಳಲ್ಲಿ ರಕ್ತ ಬಂತು. ಅವನ ಬೆನ್ನಿಗೆ ಕಿವಿಯಿಟ್ಟು ಕೇಳಿದಳು. ಒಂದು ಪಕ್ಕದಲ್ಲಿ ಉಸಿರು ಆಡುವ ಸದ್ದೇ ಇರಲಿಲ್ಲವಂತೆ. ಎದೆಯೊಳಗೆ ಗಂಟು ಬೆಳೆದಿದೆ ಅಂತ ಅವಳಿಗೆ ಗೊತ್ತಾಯಿತಂತೆ.

ಆಡುಸೋಗೆ ಕಷಾಯ ಕೊಟ್ಟಳು. ಕೆಮ್ಮು ತಗ್ಗಿತು. ಇಬ್ಬರೂ ಗೆದ್ದೆವು ಅಂದುಕೊಂಡರಂತೆ. ಅಷ್ಟರಲ್ಲಿ ಸೊಂಟ ನೋಯತೊಡಗಿತು. ಚೆಂಬು ಎತ್ತಲು ಬಗ್ಗಿದವನ ತೊಡೆಮೂಳೆ ಲಟಕ್ಕನೆ ಮುರಿಯಿತಂತೆ. ಎಷ್ಟೋ ಮೂಳೆ ಕೂಡಿಸಿದ ಕೈಗೆ ಅದೊಂದು ಕೂಡಲಿಲ್ಲ.

"ನನ್ನ ಎದೆ ಒಂದಿನಾನೂ ನೋಯ್ಲಿಲ್ವಲ್ಲೇ?" ಅಂದನಂತೆ ಓಬಣ್ಣ.

"ನೋಯ್ದೇ ಇದ್ದದ್ದೇ ಕೇಡಾಯ್ತು. ನೊಂದಿದ್ರೆ ಆಗ್ಲೇ ನೋಡ್ತಿದ್ದೆ."

"ಆ ಗಂಟನ್ನ ಕುರು ಕೊಯ್ದಂಗೆ ಕೊಯ್ದು ತೆಗಿ."

"ಉಸಿರು ಇರೋ ಜಾಗಕ್ಕೆ ಹೆಂಗೆ ಕತ್ತಿ ಹಾಕ್ಲಿ? ಹಾಕಿದ್ರೂ ಅದು ಅಲ್ಲೊಂದೇ ಕಡೆ ಉಳಿದಿಲ್ಲ ಕಣಪ್ಪಾ."

ಕೊನೆಗೆ ಅದು ತಲೆಗೂ ಏರಿತು. ಹೆಂಡತಿಯನ್ನೇ ಅವ್ವಾ ಅಂತ ಕರೆದನಂತೆ. ಅವಳು ಓಗೊಟ್ಟಳಂತೆ. ಹಾಗೇ ಹೋದ.

ಆಮೇಲೆ ಅವಳು ಮನೆಮನೆಗೂ ಹೋಗಿ ಜನರ ಬೆನ್ನಿಗೆ ಕಿವಿಯಿಟ್ಟು ಕೇಳಿದಳಂತೆ, ಮೊದಲೇ ಹಿಡಿಯೋಣ ಅಂತ. ಚಿಲುಮೆ ಮುಟ್ಟಿಯೂ ಗೊತ್ತಿಲ್ಲದ ನಿಂಗಿ ಅನ್ನೋ ನೆರೆಮನೆ ಸೊಸೆಯ ಬೆನ್ನಲ್ಲೂ ಅದೇ ಮೌನ. ಕೆಮ್ಮೂ ಇರಲಿಲ್ಲ ಅವಳಿಗೆ. ಬೇರು, ನಾರು, ಹರಕೆ, ಉಪವಾಸ, ಎಲ್ಲ ಮಾಡಿದಳು ತಿಪ್ಪವ್ವ. ನಿಂಗಿ ಮುಂದಿನ ಬಿತ್ತನೆ ಕಾಣಲಿಲ್ಲ. ಕಿವಿಗೆ ಕೇಳೋ ಹೊತ್ತಿಗೇ ತಡವಾಗಿರುತ್ತೆ ಅಂತ ತಿಪ್ಪವ್ವನಿಗೆ ಆವತ್ತು ತಿಳಿಯಿತಂತೆ. ಮದ್ದಿನ ಚೀಲ ಬಾವಿಗೆ ಹಾಕಿದಳು. ಮತ್ತೆ ಯಾರ ಮನೆ ಹೊಸ್ತಿಲೂ ತುಳಿಯಲಿಲ್ಲವಂತೆ.

ಭಟ್ಟಿಗಳು ಆರಿ ಎಷ್ಟೋ ಕಾಲವಾಯಿತು. ಈಗಲೂ ಆ ಊರಲ್ಲಿ ಯಾರಾದರೂ ಕೆಮ್ಮಿದರೆ, ಪಕ್ಕದ ಮನೆಯವರು ಕೆಲಸ ಬಿಟ್ಟು, "ಯಾವತ್ತಿಂದ?" ಅಂತ ಕೂಗಿ ಕೇಳ್ತಾರೆ. ತಿಪ್ಪವ್ವನ ಹೆಸರಲ್ಲಿ ಕೇಳಲೇಬೇಕು.

ಕೆಮ್ಮಿದವರು, ಎಷ್ಟು ದಿನದ್ದೇ ಆಗಿರಲಿ, "ಇವತ್ತಿಂದ" ಅಂತಾರೆ.