ಹೋಗುವ ಮುಂಚೆಯೇ ಬರೆದ ಪ್ರವಾಸ

ಕರಾವಳಿಯ ಒಂದು ಊರಿನಲ್ಲಿ ದಾಮೋದರ ಎಂಬವರಿದ್ದರು. ಊರಿನಲ್ಲಿ ಯಾವ ಸಭೆಯಾದರೂ ಸ್ವಾಗತ ಭಾಷಣ ಬರೆದುಕೊಡುವವರು ಅವರೇ. ಅಕ್ಷರವಂತೂ ಮುತ್ತು ಪೋಣಿಸಿದ ಹಾಗೆ. ಅವರ ಮಗಳು ಸಿಂಚನ ಮೂರನೇ ಕ್ಲಾಸು. ಅವಳ ಅಕ್ಷರಗಳು ಮಾತ್ರ ಒಂದೊಂದೂ ಒಂದೊಂದು ದಿಕ್ಕಿಗೆ ಓಡುತ್ತಿದ್ದವು.

ಶಾಲೆಯ ಮಕ್ಕಳನ್ನು ಲೈಟ್‌ಹೌಸ್ ನೋಡಲು ಕರೆದೊಯ್ಯುವುದೆಂದು ನಿಶ್ಚಯವಾಯಿತು. “ನೋಡಿದ್ದನ್ನು ಪ್ರವಾಸದ ಪುಸ್ತಕದಲ್ಲಿ ಬರೀಬೇಕು. ಚಂದ ಬರೆದವರ ಪುಸ್ತಕ ವಾರ್ಷಿಕೋತ್ಸವದಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಡ್ತೇವೆ” ಎಂದರು ಲಿಲ್ಲಿ ಟೀಚರ್. ತನ್ನ ಪುಸ್ತಕ ಅಲ್ಲಿರಬೇಕೆಂದು ಸಿಂಚನಳಿಗೆ ಬಹಳ ಆಸೆ. ಅಪ್ಪನಿಗೆ ಅವಳಿಗಿಂತ ಆಸೆ! ಹೊರಡುವ ಹಿಂದಿನ ಸಂಜೆಯೇ ಅವರು ಮಗಳ ಪುಸ್ತಕ ತೆರೆದು, ಪೆನ್ನು ಹಿಡಿದು ಕೂತುಬಿಟ್ಟರು.

“ಅಪ್ಪಾ, ನಾವು ಇನ್ನೂ ಹೋಗ್ಲೇ ಇಲ್ವಲ್ಲ?”

“ಲೈಟ್‌ಹೌಸ್ ಎಲ್ಲಿಗೆ ಓಡಿಹೋಗ್ತದೆ ಮಗಾ? ನಾನು ಎಷ್ಟು ಸಲ ನೋಡಿದ್ದೇನೆ. ನೀನು ಆರಾಮವಾಗಿ ಹೋಗಿ ಬಾ.”

ಮರುದಿನ ಹೋಗಿ ನೋಡಿದರೆ ಲೈಟ್‌ಹೌಸಿಗೆ ಬಣ್ಣ ಬಳಿಯುತ್ತಿದ್ದರು. ಯಾರನ್ನೂ ಒಳಗೆ ಬಿಡಲಿಲ್ಲ. ಟೀಚರ್ ಮಕ್ಕಳನ್ನು ಬಂದರಿನ ಐಸ್ ಕಾರ್ಖಾನೆಗೆ ಕರೆದುಕೊಂಡು ಹೋದರು. ಸಂಜೆ ಸಿಂಚನ ಓಡೋಡಿ ಬಂದು, “ಅಪ್ಪಾ, ಇವತ್ತು ಎಂತ ಆಯ್ತು ಗೊತ್ತುಂಟಾ...” ಎನ್ನುವಷ್ಟರಲ್ಲಿ, “ಎಲ್ಲ ಬರೆದಾಗಿದೆಯಲ್ಲ, ಹೋಗು, ಕೈಕಾಲು ತೊಳೆದು ಬಾ” ಎಂದುಬಿಟ್ಟರು ದಾಮೋದರರು. ಪಾಪದ ಹುಡುಗಿ, ಕೈಕಾಲು ತೊಳೆಯಲು ಹೋದಳು.

ಮಾರನೆಯ ದಿನ ಕ್ಲಾಸಿನಲ್ಲಿ ಬರೆದದ್ದನ್ನು ಓದಲು ಟೀಚರ್ ಮೊದಲು ಎಬ್ಬಿಸಿದ್ದು ಅವಳನ್ನೇ. ಓದದೆ ಬೇರೆ ದಾರಿಯಿಲ್ಲ.

“ರಮಣೀಯವಾದ ದೀಪಸ್ತಂಭದ ತುತ್ತತುದಿಯಲ್ಲಿ ನಿಂತು ನಾವು ಅಪಾರ ಜಲರಾಶಿಯನ್ನು ಕಣ್ತುಂಬಿಕೊಂಡೆವು...”

ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಸಿಂಚನಳ ಕಣ್ಣಲ್ಲಿ ನೀರು.

“ಇದು ಯಾರು ನೋಡಿದ್ದು ಮಾರಾಯ್ತಿ?” ಎಂದರು ಟೀಚರ್.

“ಅಪ್ಪ ನೋಡಿದ್ದು ಟೀಚರ್.”

ಟೀಚರಿಗೂ ನಗು ತಡೆಯಲಾಗಲಿಲ್ಲ. “ಆಯ್ತು, ಅಪ್ಪ ನೋಡಿದ್ದು ಕೇಳಿದೆವು. ಈಗ ನೀನು ನೋಡಿದ್ದು ಹೇಳು.”

ಅವಳು ಮೂಗು ಒರೆಸಿಕೊಂಡು ಶುರು ಮಾಡಿದಳು. ಟೀಚರ್ “ಹೌದಾ? ಮತ್ತೆ?” ಎಂದು ಕೇಳುತ್ತ ಹೋದರು. ನಕ್ಕ ಮಕ್ಕಳೇ ಬಾಯಿ ತೆರೆದು ಕೇಳಿದರು. “ಈಗ ಹೇಳಿದ್ದನ್ನೇ ಬರಿ” ಎಂದರು ಟೀಚರ್. ಅವಳು ಬರೆದಳು.

ಸಂಜೆ ದಾಮೋದರರು ಪುಸ್ತಕ ಬಿಡಿಸಿದರು. ತಮ್ಮ ಅಂದದ ಪುಟದ ಮುಂದಿನ ಪುಟದಲ್ಲಿ ಸೊಟ್ಟಪಟ್ಟ ಅಕ್ಷರಗಳಿದ್ದವು.

“ಐಸು ನಮ್ಮ ಮನೆಯ ಬೆಂಚಿನಷ್ಟು ಉದ್ದ ಇತ್ತು. ಒಂದು ಬೆಕ್ಕು ಅದನ್ನು ನೆಕ್ಕಿ ಹೆದರಿ ಓಡಿತು. ಅಪ್ಪನಿಗೆ ತೋರಿಸಬೇಕು ಅಂತ ಒಂದು ತುಂಡು ಜೇಬಿನಲ್ಲಿ ಹಾಕಿಕೊಂಡೆ. ಮನೆಗೆ ಬರುವಾಗ ಐಸು ಇರಲಿಲ್ಲ, ಜೇಬು ಒದ್ದೆ ಇತ್ತು.”

ಒದ್ದೆ ಜೇಬಿನೊಂದಿಗೆ ಓಡಿ ಬಂದ ಮಗಳನ್ನು ತಾನು ಕೈಕಾಲು ತೊಳೆಯಲು ಅಟ್ಟಿದೆನಲ್ಲ ಎಂದು ಅವರಿಗೆ ಆಗ ಹೊಳೆಯಿತು. ಪೆನ್ನನ್ನು ಜೇಬಿಗೆ ಸಿಕ್ಕಿಸಿ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡರು.

“ಮಗಾ, ಆ ಬೆಕ್ಕು ಯಾವ ಬಣ್ಣದ್ದು? ಮತ್ತೆ ಎಂತ ಆಯ್ತು?”

ಸಿಂಚನ ಹೇಳಿದ್ದೇ ಹೇಳಿದ್ದು. ಒಳಗಿನಿಂದ ಊಟಕ್ಕೆ ಎಷ್ಟು ಕರೆದರೂ ಅಪ್ಪ ಮಗಳು ಏಳಲಿಲ್ಲ.

ನೀತಿ: ಮಕ್ಕಳು ಕಂಡದ್ದನ್ನು ಮಕ್ಕಳೇ ಬರೆಯಲಿ. ಸಹಾಯ ಮಾಡಲೇಬೇಕೆನಿಸಿದರೆ ಪೆನ್ನು ಕೆಳಗಿಟ್ಟು, ಪಕ್ಕದಲ್ಲಿ ಕೂತು, “ಮತ್ತೆ?” ಎಂದು ಕೇಳಿ.